ಗಂಟಲಿಗೆ ಇಳಿಯದ ಶಿರಾಜ್

ಮಣಿಪಾಲದ ಒಂದು ಹೋಟೆಲ್ ಮ್ಯಾನೇಜ್‌ಮೆಂಟ್ ಕಾಲೇಜಿನಲ್ಲಿ ನಾನು ವೈನಿನ ಪಾಠ ಮಾಡುತ್ತೇನೆ. ಹೀಗೆ ಹೇಳಿದ ಕೂಡಲೇ ನಮ್ಮ ಕಡೆಯವರ ಮುಖದಲ್ಲಿ ಒಂದು ನಗು ಮೂಡುತ್ತದೆ. ಆ ನಗು ನನಗೆ ಚೆನ್ನಾಗಿ ಗೊತ್ತು. ಮೊದಲು ಸಿಟ್ಟು ಬರುತ್ತಿತ್ತು, ಈಗಲೂ ಬರುತ್ತದೆ. ಕಾಪುವಿನ ಮೀನುಗಾರರ ಮನೆಯ ಹೆಣ್ಣುಮಗಳೊಬ್ಬಳು ಬಿಳಿ ಬಟ್ಟೆ ಹಾಸಿದ ಮೇಜಿನ ಮುಂದೆ ನಿಂತು, ಗ್ಲಾಸನ್ನು ಓರೆ ಮಾಡಿ ಬಣ್ಣ ನೋಡಿ, ಮೂಗಿನ ಹತ್ತಿರ ಹಿಡಿದು, ಒಂದು ಗುಟುಕನ್ನು ಬಾಯಿಗೆ ಹಾಕಿ, ಕೆನ್ನೆಯಿಂದ ಕೆನ್ನೆಗೆ ಹೊರಳಿಸಿ, ಪಕ್ಕದ ಪಾತ್ರೆಗೆ ಉಗುಳುತ್ತಾಳೆ. ಅದಕ್ಕೆ ಸಂಬಳವನ್ನೂ ಕೊಡುತ್ತಾರೆ. ನಗುವವರು ನಗಲಿ.

ಉಗುಳುವುದು ಈ ಕೆಲಸದ ಶಿಸ್ತು. ರುಚಿ ನೋಡುವವಳು ನುಂಗುತ್ತಾ ಹೋದರೆ ಸ್ವಲ್ಪ ಹೊತ್ತಿನಲ್ಲೇ ಎಲ್ಲ ವೈನೂ ಒಳ್ಳೆಯದೇ ಎನಿಸತೊಡಗುತ್ತದೆ. ಆದ್ದರಿಂದ ನುಂಗಬಾರದು. ಹೊಸದಾಗಿ ಬಂದ ಮಕ್ಕಳಿಗೆ ಇದು ಬಹಳ ಕಷ್ಟ. ಎಲ್ಲರೆದುರು ಉಗುಳಲು ಅವರಿಗೆ ನಾಚಿಕೆ. "ಎಂತ ನಾಚಿಕೆ? ಬಸ್ಸಿನ ಕಿಟಕಿಯಿಂದ ಉಗುಳುವಾಗ ಇಲ್ಲದ ನಾಚಿಕೆ ಇಲ್ಲಿ ಎಲ್ಲಿಂದ ಬಂತು?" ಎಂದು ಗದರುತ್ತೇನೆ. ಆಮೇಲೆ ಒಬ್ಬೊಬ್ಬರಾಗಿ ದಾರಿಗೆ ಬರುತ್ತಾರೆ.

ಕೆಂಪು ವೈನಿನ ಪಾಠವನ್ನು ನಾನು ಶಿರಾಜ್ ದ್ರಾಕ್ಷಿಯಿಂದಲೇ ಶುರು ಮಾಡುವುದು. ಫ್ರಾನ್ಸಿನವರು ಇದನ್ನು ಸಿರಾ ಎನ್ನುತ್ತಾರೆ, ಆಸ್ಟ್ರೇಲಿಯಾದವರು ಶಿರಾಜ್ ಎನ್ನುತ್ತಾರೆ, ಹಣ್ಣು ಒಂದೇ. ಕಾಳು ಸಣ್ಣದು, ಸಿಪ್ಪೆ ದಪ್ಪ, ಬಣ್ಣ ಕಪ್ಪೆಂದರೆ ಕಪ್ಪು. ನಮ್ಮ ಕರಾವಳಿಯಲ್ಲಿ ಇದರ ಬಳ್ಳಿ ಬದುಕಲಾರದು. ಇಲ್ಲಿನ ಮಳೆಗೆ ಎಲೆಗೆ ಬೂಷ್ಟು ಹಿಡಿದು, ಗೊಂಚಲು ಕೊಳೆತು, ಎಲ್ಲ ಮುಗಿದುಹೋಗುತ್ತದೆ. ಅದಕ್ಕೆ ಬಿಸಿಲು ಬೇಕು, ಒಣನೆಲ ಬೇಕು. ನಾಸಿಕದಲ್ಲಿ ಬೆಳೆಯುತ್ತಾರೆ, ನಮ್ಮ ರಾಜ್ಯದಲ್ಲಿ ವಿಜಯಪುರದ ಕಡೆ, ನಂದಿಬೆಟ್ಟದ ಸುತ್ತಮುತ್ತ ಬೆಳೆಯುತ್ತಾರೆ. ಈ ಹಣ್ಣನ್ನು ಹಿಂಡಿದರೆ ಬರುವ ರಸಕ್ಕೆ ಬಣ್ಣವೇ ಇರುವುದಿಲ್ಲ ಎಂದರೆ ಮಕ್ಕಳು ನಂಬುವುದಿಲ್ಲ. ಬಣ್ಣ, ಒಗರು, ಗತ್ತು ಎಲ್ಲ ಇರುವುದು ಸಿಪ್ಪೆಯಲ್ಲಿ. ರಸವನ್ನು ಸಿಪ್ಪೆಯ ಜೊತೆ ಬಿಟ್ಟು ಹುಳಿಸಿದಾಗ ಮಾತ್ರ ಅದು ಹಲ್ಲಿಗೆ ಹತ್ತುವಷ್ಟು ಕೆಂಪಾಗುತ್ತದೆ.

ಪುಸ್ತಕದಲ್ಲಿ ಬರೆದಿರುವ ವಾಸನೆಗಳನ್ನು ನಾನು ಪಾಠದಲ್ಲಿ ಹೇಳುವುದಿಲ್ಲ. ಬ್ಲ್ಯಾಕ್‌ಬೆರಿಯಂತೆ, ಪ್ಲಮ್ಮಿನಂತೆ ಎಂದು ಅದರಲ್ಲಿ ಬರೆದಿರುತ್ತದೆ. ನಮ್ಮ ಮಕ್ಕಳಲ್ಲಿ ಅದನ್ನು ಕಂಡವರು ಯಾರು? ಚೆನ್ನಾಗಿ ಕಳಿತ ನೇರಳೆಹಣ್ಣು ಎನ್ನುತ್ತೇನೆ, ಕೂಡಲೇ ಗೊತ್ತಾಗುತ್ತದೆ. ಇನ್ನೊಂದು ಕಾಳುಮೆಣಸು. ಶಿರಾಜಿನ ಗುರುತು ಹಿಡಿಯುವುದೇ ಅದರಿಂದ. ಕಾರ್ಕಳದಲ್ಲಿ ನನ್ನ ಗಂಡನ ಮನೆಯ ಹಿತ್ತಲಲ್ಲಿ ಮೆಣಸಿನ ಬಳ್ಳಿ ಉಂಟು. ಅಲ್ಲಿಂದ ಒಂದು ಹಿಡಿ ತಂದು, ಜಜ್ಜಿ, ಎಲ್ಲರ ಮೂಗಿಗೆ ಹಿಡಿದು, ಆಮೇಲೆ ಗ್ಲಾಸು ಕೊಡುತ್ತೇನೆ. ಕೆಲವರ ಮೂಗಿಗೆ ಶಿರಾಜಿನ ಮೆಣಸು ಹತ್ತುವುದೇ ಇಲ್ಲ. ಹುಟ್ಟಿನಿಂದಲೇ ಹಾಗೆ, ಅದಕ್ಕೆ ಯಾರೂ ಏನೂ ಮಾಡುವಂತಿಲ್ಲ.

ಇಷ್ಟು ಪೀಠಿಕೆ ಸಾಕು. ನಾನು ಹೇಳಹೊರಟದ್ದು ನನ್ನ ಅಪ್ಪನ ವಿಷಯ.

ಅಪ್ಪ ಕಾಪುವಿನಲ್ಲಿ ನಾಡದೋಣಿಯಲ್ಲಿ ಮೀನು ಹಿಡಿಯುತ್ತಿದ್ದವರು. ಅಮ್ಮ ಆ ಮೀನನ್ನು ಬುಟ್ಟಿಯಲ್ಲಿ ಹೊತ್ತು ಉಡುಪಿಯ ಮಾರ್ಕೆಟ್ಟಿನಲ್ಲಿ ಮಾರುತ್ತಿದ್ದವಳು. ನಾನು ಒಬ್ಬಳೇ ಮಗಳು. ಅಪ್ಪ ಚಿಕ್ಕಪ್ರಾಯದಲ್ಲಿ ಚೆನ್ನಾಗಿ ಕುಡಿಯುತ್ತಿದ್ದರಂತೆ. ನನಗೆ ಅದರ ನೆನಪಿಲ್ಲ, ಕೇಳಿ ಗೊತ್ತು. ನಾನು ಇನ್ನೂ ಶಾಲೆಗೆ ಹೋಗದ ಪ್ರಾಯದಲ್ಲಿ ಒಂದು ದಿನ ಅಮ್ಮ ನನ್ನನ್ನು ಅವರ ಬಳಿ ಬಿಟ್ಟು ಮಾರ್ಕೆಟ್ಟಿಗೆ ಹೋಗಿದ್ದಳು. ಅಪ್ಪ ಕುಡಿದು ದೋಣಿಯ ನೆರಳಿನಲ್ಲಿ ಮಲಗಿಬಿಟ್ಟರು. ನಾನು ನಡೆಯುತ್ತಾ ನಡೆಯುತ್ತಾ ನೀರಿಗೆ ಇಳಿದೆ. ಬಲೆ ಒಣಗಿಸುತ್ತಿದ್ದ ಹೆಂಗಸೊಬ್ಬಳು ಓಡಿಬಂದು ನನ್ನ ಜುಟ್ಟು ಹಿಡಿದು ಎಳೆಯದಿದ್ದರೆ ಇದನ್ನು ಬರೆಯಲು ನಾನು ಇರುತ್ತಿರಲಿಲ್ಲ.

ಆ ಸಂಜೆ ಅಪ್ಪ ಸ್ನಾನ ಮಾಡಿ, ಒದ್ದೆ ಬಟ್ಟೆಯಲ್ಲೇ ಮಾರಿಗುಡಿಯ ಎದುರು ನಿಂತು, ನನ್ನ ತಲೆಯ ಮೇಲೆ ಕೈಯಿಟ್ಟು ಆಣೆ ಹಾಕಿದರು. ಅಮ್ಮ ಪಕ್ಕದಲ್ಲಿ ನಿಂತು ಕೇಳಿಸಿಕೊಂಡಳು. ನಮ್ಮ ಕಡೆ ಆಣೆ ಎಂದರೆ ಬಾಯಿಮಾತಲ್ಲ. ಮಗುವಿನ ತಲೆ ಮುಟ್ಟಿ ಹೇಳಿದ ಮಾತು ತಪ್ಪಿದರೆ ಆ ಮಗುವಿಗೇ ಕೇಡು ಎಂಬುದು ನಂಬಿಕೆ. ಅಂದಿನಿಂದ ಅಪ್ಪ ಕುಡಿಯಲಿಲ್ಲ. ಅದರ ಬದಲು ಎಲೆಅಡಿಕೆಯನ್ನು ಹೊಗೆಸೊಪ್ಪಿನೊಡನೆ ಜಗಿಯುವುದು ಹೆಚ್ಚಾಯಿತು. ಕಡಲಿಗೆ ಹೋದರೂ, ಮನೆಯಲ್ಲಿದ್ದರೂ ಎಡಗೆನ್ನೆ ಉಬ್ಬಿಕೊಂಡೇ ಇರುತ್ತಿತ್ತು.

ನಾನು ವೈನಿನ ಪಾಠ ಮಾಡುವ ಕೆಲಸಕ್ಕೆ ಸೇರಿದಾಗ ಅಪ್ಪ ಎಲೆಗೆ ಸುಣ್ಣ ಸವರಿ ಬಾಯಿಗೆ ಹಾಕಿಕೊಂಡರು. ಆಮೇಲೆ ಕೇಳಿದರು, "ಅದರಲ್ಲಿ ಕಲಿಸಲಿಕ್ಕೆ ಎಂತ ಉಂಟು ಮಾರಾಯ್ತಿ? ಕುಡಿಯಲಿಕ್ಕೆ ನನಗೆ ಯಾರೂ ಕಲಿಸಿರಲಿಲ್ಲ."

ನಾನು ನಕ್ಕೆ. ಅವರು ನಗಲಿಲ್ಲ.

"ನೀನು ನುಂಗ್ತೀಯಾ?"

"ಇಲ್ಲ ಅಪ್ಪ, ಉಗುಳ್ತೇನೆ."

"ಹಾಗಾದರೆ ಅಡ್ಡಿಲ್ಲ" ಎಂದರು. ಆಮೇಲೆ ದೋಣಿಗಳು ನಿಲ್ಲುವ ದಕ್ಕೆಯಲ್ಲಿ ಯಾರಾದರೂ ನನ್ನ ಕೆಲಸದ ಬಗ್ಗೆ ಕೊಂಕು ಮಾತಾಡಿದರೆ, "ಅವಳು ನುಂಗುವುದಿಲ್ಲ, ಉಗುಳುವುದು. ಅದು ಬೇರೆಯೇ ವಿದ್ಯೆ" ಎಂದು ಗಟ್ಟಿಯಾಗಿ ಹೇಳುತ್ತಿದ್ದರಂತೆ.

ಕೆನ್ನೆಯ ಒಳಗಿನ ಹುಣ್ಣನ್ನು ಅವರು ತುಂಬ ದಿನ ಯಾರಿಗೂ ಹೇಳಲಿಲ್ಲ. ಖಾರ ತಾಗಿದರೆ ಮುಖ ಕಿವುಚುತ್ತಿದ್ದರು, ಹಲ್ಲುನೋವು ಎನ್ನುತ್ತಿದ್ದರು. ಬಾಯಿ ಪೂರ್ತಿ ತೆರೆಯಲು ಆಗದೆ ಇದ್ದಾಗ ನಾನು ಜಗಳ ಮಾಡಿ ಮಣಿಪಾಲದ ಆಸ್ಪತ್ರೆಗೆ ಕರೆದುಕೊಂಡು ಬಂದೆ. ಡಾಕ್ಟರು ಟಾರ್ಚು ಹಿಡಿದು ನೋಡಿ ಮುಖ ಗಂಭೀರ ಮಾಡಿದಾಗಲೇ ನನಗೆ ಗೊತ್ತಾಯಿತು. ಆಪರೇಶನ್ ಆಯಿತು, ಆಮೇಲೆ ವಾರಗಟ್ಟಲೆ ಕರೆಂಟು ಕೊಟ್ಟರು. ರೇಡಿಯೇಶನ್ನಿಗೆ ನಮ್ಮವರು ಕರೆಂಟು ಕೊಡುವುದು ಎಂದೇ ಹೇಳುತ್ತಾರೆ. ಆ ದಿನಗಳಲ್ಲಿ ಅಪ್ಪ ಅಮ್ಮ ಇಬ್ಬರೂ ನನ್ನ ಬಾಡಿಗೆ ಮನೆಯಲ್ಲಿದ್ದರು. ಕರೆಂಟಿನಿಂದ ಬಾಯಿಯೆಲ್ಲ ಸುಟ್ಟ ಹಾಗಾಗಿ, ನೀರು ಕುಡಿದರೂ ಕಣ್ಣೀರು ಬರುತ್ತಿತ್ತು. ಅಷ್ಟಾದರೂ ಅವರು ಒಂದು ಸಲವೂ ಗೊಣಗಲಿಲ್ಲ.

ಹುಣ್ಣು ಮಾಯಿತು, ಕಾಪುವಿಗೆ ವಾಪಸಾದರು. ನಿಜವಾದ ಕಷ್ಟ ಶುರುವಾದದ್ದು ಆಮೇಲೆ. ಅಪ್ಪನ ಬಾಯಿಗೆ ರುಚಿ ಎಂಬುದೇ ಇರಲಿಲ್ಲ. ಅಮ್ಮ ಬಂಗುಡೆ ಸಾರು ಮಾಡಿ ಬಡಿಸಿದರೆ ಒಂದು ತುತ್ತು ಬಾಯಿಗಿಟ್ಟು, "ಹೊಯಿಗೆ" ಎನ್ನುತ್ತಿದ್ದರು. ಹೊಯಿಗೆ ಎಂದರೆ ಮರಳು. ಕಾಣೆ ಮೀನನ್ನು ತವಾದಲ್ಲಿ ಕಾಯಿಸಿ ಕೊಟ್ಟರೂ ಹೊಯಿಗೆ, ಕೋಳಿ ಸುಕ್ಕವೂ ಹೊಯಿಗೆ, ಪಾಯಸವೂ ಹೊಯಿಗೆ. ಮೊದಲು ಅಮ್ಮ ಅತ್ತಳು. ಆಮೇಲೆ ಅವಳಿಗೆ ಸಿಟ್ಟು ಬರತೊಡಗಿತು. "ರುಚಿ ಇಲ್ಲದಿದ್ದರೆ ಇಲ್ಲ, ಮದ್ದು ಅಂತ ನುಂಗಿ ಮಾರಾಯ್ರೆ!" ಎಂದು ಬೊಬ್ಬೆ ಹಾಕುತ್ತಿದ್ದಳು. ಅಪ್ಪ ಗಂಜಿಯ ಬಟ್ಟಲನ್ನು ದೂರ ಸರಿಸಿ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದರು.

"ರುಚಿ ನಿಧಾನವಾಗಿ ಬರಬಹುದು, ಬಾರದೆಯೂ ಇರಬಹುದು" ಎಂದು ಡಾಕ್ಟರು ಹೇಳಿದರು. "ಅಷ್ಟರವರೆಗೆ ಅವರು ತಿನ್ನಬೇಕು. ರೋಗಕ್ಕಿಂತ ಮೊದಲು ಹಸಿವೇ ಅವರನ್ನು ಕೊಂಡುಹೋಗಬಾರದು." ಅಪ್ಪನ ಭುಜದ ಮೂಳೆಗಳು ಅಂಗಿಯ ಒಳಗಿನಿಂದ ಎದ್ದು ಕಾಣುತ್ತಿದ್ದವು. ಬಲೆ ಎಳೆದು ಎಳೆದು ಗಟ್ಟಿಯಾದ ತೋಳುಗಳ ಮಾಂಸ ಜೋತುಬಿದ್ದಿತ್ತು. ಹೀಗೇ ಹೋದರೆ ಮಳೆಗಾಲ ದಾಟುವುದಿಲ್ಲ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು. ಬಾಯಿಬಿಟ್ಟು ಹೇಳುವ ಧೈರ್ಯ ಇರಲಿಲ್ಲ.

ಆ ಸಮಯದಲ್ಲಿ ಒಂದು ಬೆಳಿಗ್ಗೆ ಎಂದಿನ ಶಿರಾಜ್ ಪಾಠ ಮಾಡುತ್ತಿದ್ದೆ. "ಒಗರು ಎಂಬುದು ರುಚಿ ಅಲ್ಲ" ಎಂದು ಮಕ್ಕಳಿಗೆ ಹೇಳುತ್ತಿದ್ದೆ. "ನಮ್ಮ ಹಿರಿಯರು ಆರು ರುಚಿಗಳ ಲೆಕ್ಕದಲ್ಲಿ ಅದನ್ನು ಸೇರಿಸಿದ್ದಾರೆ, ಆದರೆ ಅದು ಗೊತ್ತಾಗುವ ದಾರಿ ಬೇರೆ. ಉಪ್ಪು, ಹುಳಿ, ಸಿಹಿ ನಾಲಗೆಗೆ ತಿಳಿಯುವುದು. ಒಗರು ಬಾಯಿಯ ಚರ್ಮಕ್ಕೆ ತಿಳಿಯುವುದು. ಗೇರುಹಣ್ಣು ಕಚ್ಚಿದಾಗ ಬಾಯಿ ಹಿಡಿದುಕೊಳ್ಳುತ್ತದಲ್ಲ, ಅದು ಸ್ಪರ್ಶ. ನಾಲಗೆಗೆ ಏನೂ ತಿಳಿಯದಿದ್ದರೂ..." ಅಲ್ಲಿಗೆ ನನ್ನ ಮಾತು ನಿಂತಿತು. ಎಷ್ಟೋ ವರ್ಷದಿಂದ ಇದೇ ಮಾತನ್ನು ಗಿಣಿಪಾಠ ಒಪ್ಪಿಸುತ್ತಿದ್ದೆ. ಮಕ್ಕಳು ಮುಖಮುಖ ನೋಡಿಕೊಂಡರು. ಮುಂದಿನ ಪಾಠ ಏನು ಮಾಡಿದೆನೋ ನನಗೆ ನೆನಪಿಲ್ಲ.

ಅಪ್ಪನ ಬಾಯಿಗೆ ಶಿರಾಜಿನ ಒಗರಾದರೂ ಗೊತ್ತಾದೀತು, ಕೊಟ್ಟು ನೋಡಲೇ ಎಂದು ಮೊದಲು ಡಾಕ್ಟರನ್ನು ಕೇಳಿದೆ. ಅವರು ನನ್ನನ್ನು ನೋಡಿದ ರೀತಿಯನ್ನು ಮರೆಯುವಂತಿಲ್ಲ. ಬಾಯಿಯ ಕ್ಯಾನ್ಸರಿನವರಿಗೆ ಮದ್ಯವೇ, ಸಾಧ್ಯವೇ ಇಲ್ಲ ಎಂದರು. ನಾನು ಬಿಡಲಿಲ್ಲ. ನೀರು ಬೆರೆಸಿದ ಒಂದು ಗುಟುಕು, ಸ್ವಲ್ಪ ಹೊತ್ತು ಬಾಯಿಯಲ್ಲಿ, ಆಮೇಲೆ ಉಗುಳಿ ಮುಕ್ಕಳಿಸುವುದು, ಅಷ್ಟೇ ಎಂದು ವಿವರಿಸಿದೆ. ಅವರು ಅಪ್ಪನ ತೂಕದ ಚೀಟಿಯನ್ನು ಒಮ್ಮೆ ನೋಡಿದರು. "ಉರಿದರೆ ಆ ಕ್ಷಣ ನಿಲ್ಲಿಸಬೇಕು. ನುಂಗಬಾರದು. ನಾನು ಬರೆದುಕೊಡುವುದಿಲ್ಲ" ಎಂದರು. ನನಗೆ ಅಷ್ಟೇ ಸಾಕಿತ್ತು.

ಉಡುಪಿಯ ಅಂಗಡಿಯಲ್ಲಿ ಬಾಟಲಿ ತೆಗೆದುಕೊಂಡು ಕಾಪುವಿಗೆ ಹೋದೆ. ಅಮ್ಮ ಜಗಲಿಯಲ್ಲಿ ಮೀನು ಮಾಡುತ್ತಿದ್ದಳು. ನಮ್ಮಲ್ಲಿ ಮೀನು ಕತ್ತರಿಸಿ ಶುಚಿ ಮಾಡುವುದಕ್ಕೆ ಮೀನು ಮಾಡುವುದು ಎನ್ನುತ್ತಾರೆ. ಬಾಟಲಿ ನೋಡಿದವಳೇ ಕತ್ತಿಯನ್ನು ಕೆಳಗಿಟ್ಟಳು.

"ತಲೆ ಸರಿ ಉಂಟಾ ನಿನಗೆ? ಯಾರ ತಲೆ ಮೇಲೆ ಆಣೆ ಹಾಕಿದ್ದು ಅಂತ ಮರೆತುಹೋಯಿತಾ?"

"ನನ್ನ ತಲೆ ಅಲ್ವಾ? ನನಗೆ ಗೊತ್ತುಂಟು."

"ಗೊತ್ತಿದ್ದೂ ತಂದಿಯಾ? ಮಾರಿಯಮ್ಮನ ಎದುರು ಹಾಕಿದ ಆಣೆ ಮಾರಾಯ್ತಿ! ಆಟ ಅಂತ ಗ್ರಹಿಸಿದ್ದೀಯಾ?"

ನಾನೂ ಅವಳ ಮಗಳೇ, ದನಿ ಏರಿತು. "ಅಪ್ಪ ತಿನ್ನದೆ ಸತ್ತರೆ ಅಡ್ಡಿಲ್ಲ, ಆಣೆ ಉಳಿದರೆ ಸಾಕು, ಹೌದಾ?" ಎಂದುಬಿಟ್ಟೆ. ಒಳಗಿನಿಂದ ಅಪ್ಪ ಕೆಮ್ಮಿದರು. ಎಲ್ಲವೂ ಅವರಿಗೆ ಕೇಳಿಸಿತ್ತು.

"ನುಂಗುವುದಲ್ಲ ಅಮ್ಮ" ಎಂದು ಮೆಲ್ಲಗೆ ಹೇಳಿದೆ. "ನಾನು ಕಾಲೇಜಿನಲ್ಲಿ ಮಾಡುವ ಹಾಗೆಯೇ. ಬಾಯಿಗೆ ಹಾಕಿ ಉಗುಳುವುದು."

ಅಮ್ಮ ಮತ್ತೆ ಕತ್ತಿ ಎತ್ತಿಕೊಂಡು ಮೀನಿನ ರೆಕ್ಕೆ ತೆಗೆಯುತ್ತಾ ಕುಳಿತಳು. ಕೊನೆಯ ಮೀನೂ ಮುಗಿದ ಮೇಲೆ ಕೈ ತೊಳೆದುಕೊಂಡು ಹೇಳಿದಳು, "'ಇನ್ನು ಒಂದು ಹನಿ ಗಂಟಲಿನಿಂದ ಕೆಳಗೆ ಇಳಿಸಿದರೆ ಈ ಮಗುವಿನ ಮೇಲೆ ಆಣೆ.' ಹೀಗೆ ಹೇಳಿದ್ದು ಇವರು. ನನಗೆ ಸರೀ ನೆನಪುಂಟು. ಗಂಟಲಿನಿಂದ ಕೆಳಗೆ ಅಂತ ಹೇಳಿದ್ದು. ಬಾಯಿ ಅಂತ ಹೇಳಲಿಲ್ಲ."

ಅವಳ ಷರತ್ತುಗಳು ಶುರುವಾದವು. ಉಗುಳುವ ಬೋಗುಣಿಯನ್ನು ಅವಳೇ ಹಿಡಿಯಬೇಕು. ಉಗುಳಿದ ಮೇಲೆ ಅವಳು ಕೊಟ್ಟ ನೀರಿನಲ್ಲಿ ಬಾಯಿ ಮುಕ್ಕಳಿಸಬೇಕು. ಮಂಗಳವಾರ ಮಾರಿಯಮ್ಮನ ದಿನ, ಆ ದಿನ ಬೇಡವೇ ಬೇಡ.

"ಮಂಗಳವಾರ ಊಟವೂ ಬೇಡವಾ ನನಗೆ?" ಎಂದು ಅಪ್ಪ ಒಳಗಿನಿಂದ ಕೇಳಿದರು. ತಿಂಗಳುಗಳ ನಂತರ ಅವರು ಆಡಿದ ಮೊದಲ ತಮಾಷೆ ಅದು. ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು.

ಅಪ್ಪನನ್ನು ಗೋಡೆಗೆ ಒರಗಿಸಿ ಕೂರಿಸಿದೆವು. ಅವರ ಸ್ಟೀಲಿನ ಲೋಟಕ್ಕೆ ಸ್ವಲ್ಪ ಶಿರಾಜ್ ಹಾಕಿ ನೀರು ಬೆರೆಸಿದೆ. ಹೀಗೆ ವೈನಿಗೆ ನೀರು ಬೆರೆಸುವವರನ್ನು ಕಾಲೇಜಿನಲ್ಲಿ ನಾನು ಸುಮ್ಮನೆ ಬಿಡುತ್ತಿರಲಿಲ್ಲ. ಅಪ್ಪ ಮೊದಲು ನನ್ನ ಮುಖ ನೋಡಿದರು, ಆಮೇಲೆ ಅಮ್ಮನ ಮುಖ. ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು. ನಾನು ಕಲಿಸುವುದೇ ಬೇಕಾಗಲಿಲ್ಲ. ಎಲೆಅಡಿಕೆ ಜಗಿದು ಅಭ್ಯಾಸವಾದ ಬಾಯಿ, ತನ್ನಷ್ಟಕ್ಕೆ ಕೆನ್ನೆಯಿಂದ ಕೆನ್ನೆಗೆ ಹೊರಳಿಸಿತು. ಹುಬ್ಬು ಗಂಟಾಯಿತು. ಉರಿಯಿತೇನೋ ಎಂದು ನಾನು ಹೆದರಿ ಕೈ ಮುಂದೆ ಮಾಡಿದೆ. ಅವರು ಬೇಡ ಎಂದು ಕೈಸನ್ನೆ ಮಾಡಿದರು. ಆಮೇಲೆ ಅಮ್ಮ ಹಿಡಿದ ಬೋಗುಣಿಗೆ ಒಂದು ಹನಿಯೂ ಆಚೆ ಈಚೆ ಬೀಳದಂತೆ ಉಗುಳಿದರು.

"ಹಿಡಿಯಿತು" ಎಂದರು.

"ಎಂತ ಹಿಡಿಯಿತು?" ಎಂದಳು ಅಮ್ಮ ಗಾಬರಿಯಿಂದ.

"ಕೆನ್ನೆ ಹಿಡಿಯಿತು ಮಾರಾಯ್ತಿ. ಗೇರುಹಣ್ಣು ತಿಂದ ಹಾಗೆ. ನನಗೆ ಬಾಯಿ ಉಂಟು ಅಂತ ಗೊತ್ತಾಯಿತು." ಅವರ ಕಣ್ಣಲ್ಲಿ ನೀರು ಬಂದಿತ್ತು. "ಗಂಜಿ ಉಂಟಾ?"

ಅಮ್ಮ ಬೋಗುಣಿ ಹಿಡಿದುಕೊಂಡೇ ಅಡುಗೆಮನೆಗೆ ಓಡಿದಳು. ಆ ದಿನ ಅಪ್ಪ ಅರ್ಧ ಬಟ್ಟಲು ಗಂಜಿ ಉಂಡರು. ಗಂಜಿಯ ರುಚಿ ಬಂದಿತ್ತು ಎಂದಲ್ಲ, ಅದು ಬಂದಿರಲಿಲ್ಲ. ಆದರೆ ಒಗರು ಹಿಡಿದ ಬಾಯಿಗೆ ಬೆಚ್ಚಗಿನ ಗಂಜಿ ತಾಗುವುದು, ಅಗುಳು ಹಲ್ಲಿಗೆ ಸಿಗುವುದು, ಇಷ್ಟು ಗೊತ್ತಾಗುತ್ತಿತ್ತಂತೆ. ಅಷ್ಟೂ ಇಲ್ಲದೆ ಅವರು ತಿಂಗಳುಗಟ್ಟಲೆ ಇದ್ದರಲ್ಲ ಎಂದು ಎಣಿಸಿ ನನಗೆ ಸಂಕಟವಾಯಿತು.

ಆಮೇಲೆ ಅದೇ ಕ್ರಮವಾಯಿತು. ಮಧ್ಯಾಹ್ನ ಊಟಕ್ಕೆ ಮೊದಲು ಒಂದು ಗುಟುಕು, ಬೋಗುಣಿ, ಮುಕ್ಕಳಿಸುವುದು, ಊಟ. ಮಂಗಳವಾರ ಮಾತ್ರ ಹುಳಿ ಮಜ್ಜಿಗೆ. ಹಾಕಿದ್ದಷ್ಟೂ ಹೊರಗೆ ಬಂತೇ ಎಂದು ಅಮ್ಮ ದಿನವೂ ಬೋಗುಣಿಗೆ ಬಗ್ಗಿ ನೋಡುತ್ತಿದ್ದಳು. "ಎಂತ ನೋಡ್ತೀ? ಕಳ್ಳನಾ ನಾನು?" ಎಂದು ಅಪ್ಪ ರೇಗುತ್ತಿದ್ದರು. ಬಾಟಲಿಯನ್ನು ಅಮ್ಮ ಫ್ರಿಜ್ಜಿನಲ್ಲಿ ಮೀನಿನ ಡಬ್ಬಿಯ ಪಕ್ಕದಲ್ಲಿ ಇಡುತ್ತಿದ್ದಳು. ಕೆಂಪು ವೈನನ್ನು ಹಾಗೆ ತಣ್ಣಗೆ ಮಾಡಿದರೆ ಒಗರು ಒರಟಾಗುತ್ತದೆ, ವಾಸನೆ ಮುದುಡಿಕೊಳ್ಳುತ್ತದೆ. ಅಪ್ಪನಿಗೆ ಬೇಕಾಗಿದ್ದದ್ದು ಆ ಒರಟೇ.

ಒಮ್ಮೆ ಶಿರಾಜ್ ಸಿಗದೆ ಕ್ಯಾಬರ್ನೆ ಎಂಬ ಇನ್ನೊಂದು ದ್ರಾಕ್ಷಿಯ ವೈನ್ ತಂದುಕೊಟ್ಟೆ. ಅದೂ ಗಟ್ಟಿಗ ದ್ರಾಕ್ಷಿಯೇ, ಒಗರಿನಲ್ಲಿ ಶಿರಾಜಿಗಿಂತ ಒಂದು ಕೈ ಮೇಲು. ಅಪ್ಪ ಉಗುಳಿ ತಲೆಯಾಡಿಸಿದರು. "ಇದು ಆಗುವುದಿಲ್ಲ ಮಗಾ. ಹಿಡಿದರೆ ಬಿಡುವುದೇ ಇಲ್ಲ. ಅದಾದರೆ ಹಿಡಿದು, ಮೆಲ್ಲಗೆ ಬಿಡ್ತದೆ. ಬಿಡುವಾಗ ಕೊನೆಗೆ ಎಂತದೋ ಒಂದು ಚುರ್ ಅಂತದೆ." ಆ ಚುರ್ ಎನ್ನುವುದು ಕಾಳುಮೆಣಸೇ ಇರಬೇಕೆಂದು ನಾನು ಸಂತೋಷಪಟ್ಟೆ. ಮೆಣಸಿನ ವಾಸನೆ ಅವರಿಗೆ ನಿಜವಾಗಿ ಹತ್ತಿತೋ, ಅದು ಬರೀ ಮದ್ಯದ ಚುರುಕೋ, ನನಗೆ ಗೊತ್ತಿಲ್ಲ. ಗೊತ್ತುಮಾಡಿಕೊಳ್ಳುವ ಮನಸ್ಸೂ ಇರಲಿಲ್ಲ.

ಮಳೆಗಾಲ ದಾಟಿತು. ಅಪ್ಪ ದಾಟಿದರು. ಮುಖದಲ್ಲಿ ಸ್ವಲ್ಪ ಮಾಂಸ ಬಂತು. ಬೆಳಗಿನ ಹೊತ್ತು ಕಡಲಬದಿಯ ದೀಪಸ್ತಂಭದವರೆಗೆ ನಡೆದು ಬರುವಷ್ಟಾದರು. ಉಪ್ಪಿನ ರುಚಿ ಸ್ವಲ್ಪ ಸ್ವಲ್ಪ ಬಂತು, ಆಮೇಲೆ ಹುಳಿ. ಒಂದು ದಿನ ಅಮ್ಮನ ಸಾರಿಗೆ "ಉಪ್ಪು ಜಾಸ್ತಿ" ಎಂದರಂತೆ. ಅಮ್ಮ ಅದನ್ನು ಹೇಳಲು ನನಗೆ ಫೋನ್ ಮಾಡಿ, ಹೇಳಲಾಗದೆ ಅಳುತ್ತಾ ನಿಂತಳು. ಇನ್ನು ವೈನು ಬೇಡ ಎಂದು ನಾವೇ ನಿಲ್ಲಿಸಿದೆವು. ಆ ಚಳಿಗಾಲ ನಮ್ಮ ಮನೆ ಮನೆಯಾಗಿತ್ತು.

ಮುಂದಿನ ಬೇಸಗೆಯಲ್ಲಿ ಕಾಯಿಲೆ ಗಂಟಲಿನಲ್ಲಿ ಮತ್ತೆ ಕಾಣಿಸಿತು. ಇನ್ನು ಮಾಡಲು ಏನೂ ಇಲ್ಲ, ನೋವಾಗದಂತೆ ನೋಡಿಕೊಳ್ಳಿ ಎಂದು ಡಾಕ್ಟರು ಹೇಳಿದರು. ನಾನು ರಜೆ ಹಾಕಿ ಕಾಪುವಿನಲ್ಲೇ ಉಳಿದೆ. ಮೊದಲು ಅನ್ನ ಹೋಗದಾಯಿತು, ಆಮೇಲೆ ಗಂಜಿ, ಆಮೇಲೆ ಗಂಜಿಯ ತಿಳಿಯೂ ಕಷ್ಟವಾಯಿತು. ಅಪ್ಪ ಒಂದು ಮಧ್ಯಾಹ್ನ ನನ್ನನ್ನು ಕರೆದು, ಕೆನ್ನೆ ತೋರಿಸಿ, ಬೆರಳು ಬಿಗಿಮಾಡಿ ಹಿಡಿದು ಸನ್ನೆ ಮಾಡಿದರು. ಆ ಒಗರು ಬೇಕು ಎಂದು. ಊಟಕ್ಕಾಗಿ ಅಲ್ಲ, ಊಟ ಎಂಬುದೇ ಅವರಿಗೆ ಮುಗಿದುಹೋಗಿತ್ತು. ಸುಮ್ಮನೆ ಬೇಕಾಗಿತ್ತು ಅವರಿಗೆ.

ನನ್ನ ಹತ್ತಿರ ಒಂದು ಬಹಳ ಒಳ್ಳೆಯ ಶಿರಾಜ್ ಇತ್ತು. ಯಾವುದೋ ಒಳ್ಳೆಯ ದಿನಕ್ಕೆಂದು ಎತ್ತಿಟ್ಟದ್ದು. ಅದನ್ನು ತರಿಸಿದೆ, ಫ್ರಿಜ್ಜಿನಲ್ಲಿಡಲು ಅಮ್ಮನಿಗೆ ಬಿಡಲಿಲ್ಲ. ಈ ಸಲ ನೀರು ಬೆರೆಸಲಿಲ್ಲ. ಲೋಟ ಕೈಗೆ ಕೊಡುವಾಗ ನಾನೇ ಹೇಳಿದೆ, "ಅಪ್ಪ, ಇವತ್ತು ನುಂಗಿ. ಒಂದು ಗುಟುಕು. ಸ್ವಲ್ಪ ನಿದ್ದೆಯಾದರೂ ಬರಲಿ."

ಅಪ್ಪ ಅಮ್ಮನ ಕಡೆ ನೋಡಿದರು. ಅಮ್ಮ ಬೋಗುಣಿಯನ್ನು ನೆಲದ ಮೇಲಿಟ್ಟಳು. "ನುಂಗಿ ಮಾರಾಯ್ರೆ" ಎಂದಳು. "ಇನ್ನು ಎಂತದ್ದು ಆಣೆ? ನಾನೇ ಹೇಳ್ತಾ ಇದ್ದೇನೆ. ಮಾರಿಯಮ್ಮನ ಹತ್ತಿರ ನಾನು ತಪ್ಪು ಕಾಣಿಕೆ ಹಾಕ್ತೇನೆ."

ಅಪ್ಪ ಬಾಯಿಗೆ ಹಾಕಿಕೊಂಡರು. ಕಣ್ಣು ಮುಚ್ಚಿದರು. ತುಂಬ ಹೊತ್ತು ಇಟ್ಟುಕೊಂಡರು. ಅವರ ಮುಖ ಸಡಿಲವಾಗುವುದನ್ನು ನಾವು ನೋಡುತ್ತಿದ್ದೆವು. ನುಂಗುತ್ತಾರೆ, ಈಗ ನುಂಗುತ್ತಾರೆ ಎಂದು ನಾನು ಕಾಯುತ್ತಿದ್ದೆ. ಅವರು ಕಣ್ಣು ತೆರೆದು, ಕೈ ಚಾಚಿ, ನೆಲದ ಮೇಲಿದ್ದ ಬೋಗುಣಿಯನ್ನು ತಾವೇ ಎಳೆದುಕೊಂಡು ಉಗುಳಿದರು.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಸಾಯುತ್ತಿರುವ ಮನುಷ್ಯನ ಮೇಲೆ ಸಿಟ್ಟು ಬರುತ್ತದೆಯೇ ಎಂದು ಕೇಳಬೇಡಿ, ಬರುತ್ತದೆ. "ಎಂತ ಅಪ್ಪ ಇದು? ನನಗೆ ಎಂತ ಆಗ್ಲಿಕ್ಕುಂಟು? ಎಷ್ಟು ವರ್ಷದಿಂದ ಮಣಿಪಾಲಕ್ಕೆ ಹೆದ್ದಾರಿಯಲ್ಲಿ ಸ್ಕೂಟರಿನಲ್ಲಿ ಹೋಗಿ ಬರುವವಳು ನಾನು. ನಂದಿಕೂರಿನ ಕಾರ್ಖಾನೆ ಕಡೆಯ ಲಾರಿಗಳು ಮೈಮೇಲೆ ಬರುವ ಹಾಗೆ ಬರ್ತವೆ. ಅವುಗಳಿಂದ ಆಗದ್ದು ನಿಮ್ಮ ಒಂದು ಗುಟುಕಿನಿಂದ ಆಗ್ತದಾ? ಸುಮ್ಮನೆ ಕಷ್ಟಪಡುವುದು ಯಾಕೆ?"

ಅಪ್ಪನ ದನಿ ಆಗಲೇ ಹೋಗಿತ್ತು, ಬರೀ ಉಸಿರಿನಲ್ಲಿ ಮಾತಾಡುತ್ತಿದ್ದರು. ನಾನು ಕಿವಿಯನ್ನು ಅವರ ಬಾಯಿಯ ಹತ್ತಿರ ಹಿಡಿದೆ.

"ಆಗ್ತದೋ ಇಲ್ವೋ, ನನಗೆ ಗೊತ್ತಿಲ್ಲ ಮಗಾ" ಎಂದರು. "ನಿನಗೂ ಗೊತ್ತಿಲ್ಲ."

ಆಮೇಲೆಯೂ ಪ್ರತಿದಿನ ಒಂದು ಗುಟುಕು ಕೇಳಿದರು, ಪ್ರತಿದಿನ ಉಗುಳಿದರು. ಕೊನೆಗೆ ಕೈ ಎತ್ತಲು ಆಗದೆ ಇದ್ದಾಗ ನಾನು ಬಟ್ಟೆಯ ತುದಿಯನ್ನು ಶಿರಾಜಿನಲ್ಲಿ ಅದ್ದಿ ಕೆನ್ನೆಯ ಒಳಗೆ ಸವರಿದೆ. ಒಂದು ತೊಟ್ಟು ಗಂಟಲಿಗೆ ಜಾರೀತೆಂದು ಅವರು ತಲೆಯನ್ನು ಕಷ್ಟಪಟ್ಟು ಒಂದು ಬದಿಗೆ ವಾಲಿಸಿದರು. ತುಟಿಯ ಕೊನೆಯಿಂದ ಕೆಂಪಗೆ ಇಳಿದದ್ದನ್ನು ಅಮ್ಮ ಒರೆಸಿದಳು. ಮಳೆ ಹಿಡಿಯುವ ಮೊದಲೇ ಅವರು ಹೋದರು.

ನಮ್ಮ ಕಡೆ ಆಟಿ ತಿಂಗಳಲ್ಲಿ, ಮಳೆ ಜೋರಾಗಿರುವ ಹೊತ್ತಿನಲ್ಲಿ, ಹೋದವರಿಗೆ ಬಡಿಸುವ ಕ್ರಮ ಉಂಟು. ಅವರು ಇಷ್ಟಪಟ್ಟು ತಿನ್ನುತ್ತಿದ್ದುದನ್ನೆಲ್ಲ ಮಾಡಿ, ಒಳಗಿನ ಕೋಣೆಯಲ್ಲಿ ಬಾಳೆಲೆ ಹಾಕಿ ಬಡಿಸಿ, ಬಾಗಿಲು ಎಳೆದುಕೊಂಡು ಮನೆಯವರೆಲ್ಲ ಹೊರಗೆ ಕೂರುತ್ತಾರೆ. ಬಂದವರು ಉಂಡು ಹೋಗಲಿ ಎಂದು ಸ್ವಲ್ಪ ಹೊತ್ತು ಬಿಟ್ಟು, ಬಾಗಿಲು ತಟ್ಟಿ ಒಳಗೆ ಹೋಗುತ್ತಾರೆ. ಕುಡಿಯುತ್ತಿದ್ದವರಿಗೆ ಕುಡಿಯುವುದನ್ನೂ ಇಡುತ್ತಾರೆ.

ಅಮ್ಮ ಬಂಗುಡೆ ಸಾರು ಮಾಡಿದ್ದಳು, ಕಾಣೆ ಕಾಯಿಸಿದ್ದಳು, ಕೋಳಿ ಸುಕ್ಕವೂ ಇತ್ತು. ಉಪ್ಪನ್ನು ಎರಡೆರಡು ಸಲ ನೋಡಿದಳು. ನಾನು ಶಿರಾಜ್ ತಂದಿದ್ದೆ. ಅಪ್ಪನ ಸ್ಟೀಲಿನ ಲೋಟಕ್ಕೆ ಅಂಚಿನವರೆಗೆ ಹಾಕಿ ಎಲೆಯ ಬಲಬದಿಗೆ ಇಟ್ಟೆ. ನೀರು ಬೆರೆಸಲಿಲ್ಲ. ಇನ್ನಾದರೂ ಮನಸ್ಸು ತುಂಬ ಕುಡಿಯಲಿ, ಇನ್ನು ಯಾವ ಆಣೆ, ಯಾವ ಗಂಟಲು ಎಂದು ನನ್ನೊಳಗೇ ಹೇಳಿಕೊಂಡೆ. ಹಾಗೆ ಎಣಿಸಿದಾಗ ಎಷ್ಟೋ ದಿನದ ಮೇಲೆ ಎದೆ ಸ್ವಲ್ಪ ಹಗುರಾಯಿತು.

ಅಮ್ಮ ಒಳಗೆ ಹೋಗಿ ಬೋಗುಣಿ ತಂದು ಲೋಟದ ಪಕ್ಕದಲ್ಲಿ ಇಟ್ಟಳು.

"ಅದು ಯಾಕಮ್ಮ? ಇನ್ನು ನುಂಗಬಹುದಲ್ಲ ಅಪ್ಪ. ಆಣೆ ಹಾಕಿದವರೇ ಹೋದ ಮೇಲೆ ಆಣೆ ಎಲ್ಲಿ ಉಂಟು?"

ಅಮ್ಮ ಎಲೆಯ ತುದಿಯನ್ನು ನೇರ ಮಾಡಿದಳು.

"ಅವರು ಹೋದರು" ಎಂದಳು. "ನೀನು ಇದ್ದೀಯಲ್ಲ."